ಭಾವನ ಕಡ್ಡಿ ಬ್ಯಾರನ್‌ಗೆ ಹೋದ ವರ್ಷ

ತವರಿನಿಂದ ಬರುವಾಗ ಬಸ್ಸು ಹುಣಸೂರು ದಾಟಿ ಪಿರಿಯಾಪಟ್ಟಣದ ದಾರಿ ಹಿಡಿದರೆ ಸಾಕು, ಕಣ್ಣು ಮುಚ್ಚಿ ಕೂತಿದ್ದರೂ ಗಂಡನ ಮನೆ ಹತ್ತಿರ ಬಂತೆಂದು ಮೂಗು ಹೇಳುತ್ತದೆ. ಆಷಾಢ ಕಳೆದು ಶ್ರಾವಣ ಹುಟ್ಟಿತೆಂದರೆ ರಸ್ತೆಯ ಎರಡೂ ಕಡೆ ಬ್ಯಾರನ್‌ಗಳು, ಅಂದರೆ ಸೊಪ್ಪು ಒಣಗಿಸುವ ಗೂಡುಗಳು, ಹೊಗೆ ಬಿಡಲು ಶುರುಮಾಡುತ್ತವೆ. ಅವುಗಳೊಳಗೆ ಹೊಗೆಸೊಪ್ಪು ಬೇಯುವ ವಾಸನೆಯಲ್ಲಿ ಸ್ವಲ್ಪ ಬೆಲ್ಲ, ಸ್ವಲ್ಪ ಒಣಹುಲ್ಲು, ಸ್ವಲ್ಪ ಹಸಿ ಸೌದೆ ಎಲ್ಲವೂ ಇರುತ್ತದೆ. ನಾನು ಎಚ್.ಡಿ. ಕೋಟೆಯ ಅಂತರಸಂತೆ ಕಡೆಯವಳು. ನಮ್ಮದು ಕಾಡಂಚಿನ ಹೊಲ, ರಾಗಿ, ಹತ್ತಿ, ಆನೆ ಕಾಟ. ಹೊಸದಾಗಿ ಮದುವೆಯಾಗಿ ಬಂದಾಗ ಈ ವಾಸನೆಗೆ ತಲೆ ಸುತ್ತಿ ಕುಸಿದು ಕೂತಿದ್ದೆ. ಅತ್ತೆ ಅದನ್ನು ಬೇರೆಯೇ ಸಂತೋಷದ ಸುದ್ದಿ ಎಂದುಕೊಂಡು ಅಕ್ಕಪಕ್ಕದ ಮನೆಗೆಲ್ಲ ಹೇಳಿಬಂದಿದ್ದರು. ಈಗ ಅದೇ ವಾಸನೆ ಮೂಗಿಗೆ ಬಿದ್ದರೆ ಎದೆ ಹಗುರಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಕಿಟಕಿ ಪಕ್ಕ ಕೂತು, ಭಾವನ ಕಡ್ಡಿ ಬ್ಯಾರನ್‌ಗೆ ಹೋದ ವರ್ಷವನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಸರಿದು ಕೂತಳು.

ಭಾವ ಎಂದರೆ ನನ್ನ ಗಂಡ ರಘುವಿನ ಅಣ್ಣ, ಮಾದೇಶ. ಅವರಿಗೆ ಆಟಿಸಂ. ಆ ಹೆಸರು ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಅವರಿಗೆ ಮೀಸೆ ಬಂದಿತ್ತು. ಅಲ್ಲಿಯವರೆಗೆ ಊರಿನಲ್ಲಿ ಅವರು ‘ಮಾತು ಬಾರದ ಮಾದೇಶ’. ಮಾತು ಬರುತ್ತಿರಲಿಲ್ಲ ಎಂದಲ್ಲ. ‘ಊಟ ಆಯ್ತಾ’ ಎಂದು ಕೇಳಿದರೆ ‘ಊಟ ಆಯ್ತಾ’ ಎಂದೇ ಅನ್ನುತ್ತಿದ್ದರು. ತಮ್ಮದೇ ಆದ ಮಾತು ಮಾತ್ರ ಬಹಳ ಅಪರೂಪ. ಮೂವತ್ತು ದಾಟಿದ ಗಂಡಸನ್ನು ಊರೆಲ್ಲ ‘ಬಾರ್ಲಾ, ಓಗ್ಲಾ’ ಎಂದು ಕರೆಯುತ್ತಿತ್ತು. ಗಂಡನ ಅಣ್ಣನಿಗೆ ಕೊಡಬೇಕಾದ ಮರ್ಯಾದೆ ಕೊಟ್ಟು ನಾನು ‘ಬನ್ನಿ ಭಾವ, ಕೂತ್ಕೊಳ್ಳಿ’ ಎಂದರೆ ಜಗಲಿಯ ಮೇಲಿದ್ದವರಿಗೆ ನಗು. ನನಗೂ ಹಟ. ನಗುವವರು ನಗಲಿ ಎಂದು ಇನ್ನೂ ಜೋರಾಗಿ ‘ಭಾವ’ ಎನ್ನುತ್ತಿದ್ದೆ.

ವರ್ಷದ ಮುಕ್ಕಾಲು ಭಾಗ ಭಾವನ ದಿನಗಳಲ್ಲಿ ಅಂಥ ತೊಂದರೆಯೇನೂ ಇರಲಿಲ್ಲ. ಆಡುಗಳನ್ನು ಕಟ್ಟುವುದು, ಬಿಚ್ಚುವುದು, ಒಗೆದ ಬಟ್ಟೆ ಮಡಿಸುವುದು, ಮುದ್ದೆಗೆ ಸಾರು ತಾಗದಂತೆ ಬೇರೆ ಬಟ್ಟಲಲ್ಲಿ ಹಾಕಿಸಿಕೊಂಡು ಉಣ್ಣುವುದು. ಕೆಡುತ್ತಿದ್ದುದು ಬ್ಯಾರನ್ ಕಾಲದಲ್ಲಿ. ಒಲೆಗೆ ಬೆಂಕಿ ಬಿದ್ದ ದಿನದಿಂದ ನಮ್ಮ ಮನೆ ಮನೆಯಾಗಿ ಉಳಿಯುವುದಿಲ್ಲ. ಮಾವ ಬ್ಯಾರನ್ ಮುಂದೆಯೇ ಮಂಚ ಹಾಕಿಕೊಳ್ಳುತ್ತಾರೆ. ಅಡುಗೆಗೆ ಹೊತ್ತು ಗೊತ್ತು ಇರುವುದಿಲ್ಲ. ಜಗಲಿ ತುಂಬ ಹೆಂಗಸರು ಕೂತು ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟುತ್ತಾ, ಊರ ಸುದ್ದಿಯನ್ನೆಲ್ಲ ಜಾಲಾಡುತ್ತಾ, ನಡುನಡುವೆ ‘ಮಾದೇಶಣ್ಣ, ಮದ್ವೆ ಊಟ ಯಾವಾಗ’ ಎಂದು ಪ್ರೀತಿಯಿಂದಲೇ ರೇಗಿಸುತ್ತಾರೆ. ಭಾವ ಕಿವಿ ಮುಚ್ಚಿಕೊಂಡು ಹಿತ್ತಿಲ ಮೂಲೆ ಸೇರುತ್ತಿದ್ದರು. ಸ್ನಾನ ಬಿಡುತ್ತಿದ್ದರು, ಊಟ ಬಿಡುತ್ತಿದ್ದರು, ಕೊನೆಗೆ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಬ್ಯಾರನ್ ಕಾವು ತಲೆಗೇರುತ್ತದೆ ಎಂದು ಮನೆಯವರು ನಂಬಿದ್ದರು.

ಅದಕ್ಕೆ ಅವರು ಕಂಡುಕೊಂಡಿದ್ದ ದಾರಿ ಕೆ.ಆರ್. ನಗರ. ಅಲ್ಲಿ ಅತ್ತೆಯ ತಂಗಿಯ ಮನೆ. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಒಂದು ನೀಲಿ ರೆಕ್ಸಿನ್ ಚೀಲ ತೂಗುತ್ತಿತ್ತು. ಬ್ಯಾರನ್‌ಗೆ ಬೆಂಕಿ ಹಾಕುವ ಹಿಂದಿನ ದಿನ ಅತ್ತೆ ಅದನ್ನು ಇಳಿಸಿ ಭಾವನ ಬಟ್ಟೆ ತುಂಬುತ್ತಿದ್ದರು. ಅಲ್ಲಿಯ ಮನೆ ಬಸ್ಸು ಓಡಾಡುವ ರಸ್ತೆಗೇ ಇತ್ತು, ಹಗಲೆಲ್ಲ ಹಾರ್ನಿನ ಸದ್ದು. ಹಿಂದಿನ ವರ್ಷ ಭಾವ ಅಲ್ಲಿಂದ ಹೇಳದೆ ಕೇಳದೆ ಹೊರಟುಬಿಟ್ಟಿದ್ದರು. ಎಲ್ಲರೂ ಹುಡುಕಿ ಸುಸ್ತಾದ ಮೇಲೆ ಮರುದಿನ ಕಾವೇರಿಯ ದಡದಲ್ಲಿ ಒದ್ದೆ ಬಟ್ಟೆಯಲ್ಲಿ ಕೂತಿದ್ದವರು ಸಿಕ್ಕರು. ಆ ಸುದ್ದಿ ಬಂದ ಮೇಲೆ ಅತ್ತೆ ಎಷ್ಟೋ ದಿನ ಹೊಳೆ ಎಂಬ ಮಾತನ್ನೇ ಬಾಯಲ್ಲಿ ಆಡಲಿಲ್ಲ. ಆಕೆಯ ತಂಗಿ ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಮುಂದಿನ ಸಲ ಕಳಿಸುವುದಾದರೆ ಕಳಿಸಿ, ಆದರೆ ರೂಮಿಗೆ ಹೊರಗಿನಿಂದ ಚಿಲಕ ಹಾಕಿಯೇ ಇಟ್ಟುಕೊಳ್ಳುವುದು ಎಂದು ಖಂಡಿತವಾಗಿ ಹೇಳಿದ್ದರು. ಆ ಚಿಲಕದ ಮಾತು ನನಗೆ ನಿದ್ದೆಗೆಡಿಸಿತು.

ಸುರಯ್ಯಾ ಮೇಡಂ ಸಿಕ್ಕಿದ್ದು ಮರುವರ್ಷದ ಬೇಸಿಗೆಯಲ್ಲಿ. ಮಗಳಿಗೆ ಚುಚ್ಚುಮದ್ದು ಹಾಕಿಸಲು ಹುಣಸೂರಿಗೆ ಹೋಗಿದ್ದಾಗ ಒಂದು ರೂಮಿನ ಮುಂದೆ ಸಣ್ಣ ಮಕ್ಕಳನ್ನು ಕರೆತಂದ ತಾಯಂದಿರು ಕೂತಿದ್ದರು. ಮೈಸೂರಿನಿಂದ ಆಗಾಗ ಬಂದು ಆಟಿಸಂ ಇರುವವರಿಗೆ ಥೆರಪಿ ಕೊಡುವ ಮೇಡಂ ಎಂದರು. ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತು, ದೊಡ್ಡವರನ್ನೂ ನೋಡುತ್ತೀರಾ ಎಂದು ಕೇಳಿದೆ. ಅವರು ಆಟದ ಸಾಮಾನು ಎತ್ತಿಡುತ್ತಿದ್ದರು.

“ಈ ಮಕ್ಕಳೇ ತಾನೆ ದೊಡ್ಡವರಾಗೋದು,” ಎಂದರು. “ಆಮೇಲೆ ಯಾರೂ ಕರ್ಕೊಂಡು ಬರಲ್ಲ, ಅಷ್ಟೆ.”

ಅವರು ನಮ್ಮ ಊರಿಗೆ ಸ್ಕೂಟರಿನಲ್ಲಿ ಬಂದರು. ಮಾವ ಔಷಧಿ ಬರೆದುಕೊಡುತ್ತಾರೆಂದು ಕಾದರು, ಅತ್ತೆ ಬುದ್ಧಿ ಹೇಳುತ್ತಾರೆಂದು ಕಾದರು. ಮೇಡಂ ಎರಡನ್ನೂ ಮಾಡದೆ ಭಾವನಿಗೆ ‘ನಮಸ್ಕಾರ ಮಾದೇಶ್ ಅವರೇ’ ಎಂದು ಹೇಳಿ, ಜಗಲಿಯ ಕಂಬಕ್ಕೊರಗಿ ಇಡೀ ದಿನ ಕೂತರು. ಭಾವನಿಗೆ ಏನಿಷ್ಟ, ಯಾವ ಸದ್ದು ಆಗದು, ಯಾವ ಬಟ್ಟೆ ಚುಚ್ಚುತ್ತದೆ ಎಂದೆಲ್ಲ ಕೇಳಿದರು. ಎಲ್ಲರಿಗೂ ಒಂದೇ ಮದ್ದು ಎಂಬುದು ಇದರಲ್ಲಿ ಇಲ್ಲ, ಇವರಿಗೆ ಒಗ್ಗುವುದನ್ನು ಇವರ ಮನೆಯಲ್ಲೇ ಹುಡುಕಬೇಕು ಎಂದರು. ಮುಂಗಾರು ಶುರುವಾಗಿ, ಆ ವರ್ಷದ ಮೊದಲ ಬ್ಯಾರನ್‌ಗೆ ಬೆಂಕಿ ಬಿದ್ದ ದಿನ ಮತ್ತೆ ಬಂದರು. ಅತ್ತೆ ಚೀಲ ಇಳಿಸಲು ಹೋದಾಗ, ಇನ್ನೊಂದೆರಡು ದಿನ ನೋಡೋಣ ಎಂದು ನಾನೇ ತಡೆದಿದ್ದೆ.

ಅವತ್ತು ಬೆಳಗ್ಗೆಯಿಂದ ಭಾವ ಬಚ್ಚಲುಮನೆ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಸ್ನಾನ ಮಾಡು ಎಂದು ಮಾವ ಗದರಿದರು, ರಘು ಕೈ ಹಿಡಿದು ಎಳೆದ, ಭಾವ ಕದಲಲಿಲ್ಲ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಬೇರೆ ದಿನಗಳಲ್ಲಿ ಇವರು ಸ್ನಾನಕ್ಕೆ ಹೇಗೆ ಹೋಗುತ್ತಾರೆ ಎಂದು ಕೇಳಿದರು. ಅತ್ತೆ ಒಳಗಿನಿಂದ ‘ನೀರು ಕಾದದೆ ಬಾ’ ಎಂದು ಕೂಗುತ್ತಾರೆ, ಹೋಗುತ್ತಾರೆ ಎಂದೆ. ಹೇಳುತ್ತಿದ್ದಂತೆಯೇ ನನಗೆ ಹೊಳೆಯಿತು. ಅವತ್ತು ಅತ್ತೆ ಬ್ಯಾರನ್ ಹತ್ತಿರ ಸೌದೆ ಜೋಡಿಸುತ್ತಿದ್ದರು. ಯಾರೂ ಆ ಮಾತು ಕೂಗಿರಲಿಲ್ಲ. ನಾನು ಓಡಿಹೋಗಿ ಅತ್ತೆಯನ್ನು ಕರೆತಂದೆ. ಅವರು ಅಡುಗೆಮನೆಯೊಳಗೆ ನಿಂತು ಎಂದಿನಂತೆ ಕೂಗಿದರು. ಭಾವ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು.

ಅಂದರೆ ಅಷ್ಟು ವರ್ಷ ಅವರು ಹಟ ಮಾಡಿರಲೇ ಇಲ್ಲ, ಕಾಯುತ್ತಿದ್ದರು. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ಅಡ್ಡ ಹಿಡಿದರು. ನನಗೆ ಅಳು ಬಂತು, ಜೊತೆಗೆ ಒಂದು ಥರ ಸಂತೋಷವೂ ಆಯಿತು. ಕಾಯುವ ಮನುಷ್ಯನಿಗೆ ಏನಾದರೂ ಮಾಡಬಹುದು.

ಇನ್ನೊಬ್ಬರ ಕೂಗಿಗೆ ಕಾಯದೆ ತಮ್ಮ ದಿನವನ್ನು ತಾವೇ ನಡೆಸಿಕೊಂಡು ಹೋಗಲು ಭಾವನಿಗೆ ಒಂದು ಆಸರೆ ಬೇಕು ಎಂದರು ಮೇಡಂ. ಕೆಲವರಿಗೆ ಚಿತ್ರ ಅಂಟಿಸಿ ಕೊಡುತ್ತಾರಂತೆ. ಭಾವನಿಗೆ ಚಿತ್ರದ ಕಡೆ ಲಕ್ಷ್ಯವಿಲ್ಲ, ಅವರಿಗೆ ಕೈಯಲ್ಲಿ ಹಿಡಿಯುವಂಥದ್ದು ಬೇಕು. ಮೇಡಂ ಸುತ್ತ ನೋಡಿದರು. ನಮ್ಮ ಮನೆಯಲ್ಲಿ ಎಲ್ಲಿ ನೋಡಿದರೂ ಸೊಪ್ಪು ಕಟ್ಟುವ ಕಡ್ಡಿಗಳೇ. ಅದರಲ್ಲಿ ಒಂದನ್ನು ಹಿಂಬದಿ ಗೋಡೆಯ ಎರಡು ಮೊಳೆಗಳ ಮೇಲೆ ಅಡ್ಡಲಾಗಿ ಇಟ್ಟೆವು. ಸೊಪ್ಪಿನ ಬದಲು ಅದಕ್ಕೆ ಭಾವನ ದಿನವನ್ನು ಸಾಲಾಗಿ ಕಟ್ಟಿದೆವು. ಬ್ರಷ್ಷು, ಟವೆಲ್, ಕಾಫಿ ಲೋಟ, ಆಡಿನ ಹಗ್ಗ, ಊಟದ ಬಟ್ಟಲು, ಕೊನೆಗೆ ದಿಂಬಿನ ಕವರು. ಒಂದೊಂದು ಕೆಲಸ ಮುಗಿದಂತೆ ಅದನ್ನು ಬಿಚ್ಚಿ ಕೆಳಗಿನ ಕುಕ್ಕೆಗೆ ಹಾಕುವುದು. ಕಡ್ಡಿ ಖಾಲಿಯಾದರೆ ಮಲಗುವುದು, ಬೆಳಗ್ಗೆ ಎದ್ದು ಮತ್ತೆ ಕಟ್ಟುವುದು.

ಭಾವ ಮೊದಲು ಎರಡು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಟವೆಲ್ ಬಿಚ್ಚಿಕೊಂಡು ಸೀದಾ ಬಚ್ಚಲಿಗೆ ಹೋದರು. ಅತ್ತೆಗೆ ಆದ ಉತ್ಸಾಹ ಹೇಳತೀರದು. ಮರುದಿನ ಬಾಚಣಿಗೆ, ಪೌಡರ್ ಡಬ್ಬಿ, ವಿಭೂತಿ ಗಟ್ಟಿ, ನೆಂಟರ ಮನೆಯಿಂದ ಬಂದ ಹೊಸ ಪಂಚೆ ಎಲ್ಲ ಸೇರಿಸಿ ಕಡ್ಡಿ ಬಾಗುವಷ್ಟು ಕಟ್ಟಿದ್ದರು. ಭಾವ ಎಲ್ಲವನ್ನೂ ಬಿಚ್ಚಿ, ತಮಗೆ ಬೇಕಾದ್ದನ್ನಷ್ಟೇ ಮತ್ತೆ ಕಟ್ಟಿಕೊಂಡರು. ಆಡಿನ ಹಗ್ಗವನ್ನು ಎಲ್ಲಕ್ಕಿಂತ ಮುಂದೆ ತಂದಿದ್ದರು. ಹಲ್ಲುಜ್ಜದೆ ಆಡಿನ ಹತ್ತಿರ ಹೋಗುವುದೇ ಎಂದು ಅತ್ತೆ ಮೇಡಂಗೆ ಫೋನಿನಲ್ಲಿ ದೂರು ಕೊಟ್ಟರು. ದಿನ ಅವರದ್ದು, ಆಡೇನೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಮೇಡಂ ನಕ್ಕರಂತೆ.

ಸೊಪ್ಪು ಕಟ್ಟುವ ಹೆಂಗಸರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರ ಮುಂದಾಳು ಪುಟ್ಟಮ್ಮನಿಗೆ, ಭಾವನಿಗೆ ಗಲಾಟೆ ಆಗದು, ಸ್ವಲ್ಪ ಮೆಲ್ಲಗೆ ಮಾತಾಡಬೇಕು ಎಂದೆ. “ಮಾತಾಡ್ದೆ ಸೊಪ್ಪು ಕಟ್ಟಾದು ಎಂಗವ್ವಾ, ಕೈ ಓಡಾಕಿಲ್ವಲ್ಲಾ,” ಎಂದು ಆಕೆ ನಿಜವಾಗಿಯೂ ಚಿಂತೆಗೆ ಬಿದ್ದರು. ಕೊನೆಗೆ ಅವರೇ ಯೋಚಿಸಿ ಎಲೆ ರಾಶಿಯನ್ನೆಲ್ಲ ಬ್ಯಾರನ್ನಿನ ಆಚೆ ಮಗ್ಗುಲಿಗೆ ಸಾಗಿಸಿಕೊಂಡು, ಅಲ್ಲಿ ಮೊದಲಿಗಿಂತ ಜೋರಾಗಿ ಮಾತಾಡಿದರು. ಮೇಡಂ ತಂದುಕೊಟ್ಟ ಸದ್ದು ತಡೆಯುವ ಕಿವಿಗವಸು ಹಾಕಿಕೊಂಡು ಭಾವ ಆಡಿನ ಜೊತೆ ಓಡಾಡುತ್ತಿದ್ದರು. ಮದುವೆಯ ಮಾತು ಯಾರೂ ತೆಗೆಯಲಿಲ್ಲ. ಹಾಗೆ ಒಂದು ಬ್ಯಾರನ್ ಮುಗಿಯಿತು, ಎರಡನೆಯದೂ ಮುಗಿಯಿತು. ನೀಲಿ ಚೀಲ ಮೊಳೆಯಲ್ಲೇ ಇತ್ತು. ಅತ್ತೆ ಮಾತ್ರ ದಿನಕ್ಕೊಮ್ಮೆ ಅದರ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಗೌರಿ ಹಬ್ಬ ಮುಗಿದ ವಾರ ಮಳೆ ಹಿಡಿದುಕೊಂಡಿತು. ಎಲೆ ಹೊಲದಲ್ಲೇ ಕೊಳೆಯುತ್ತದೆಂದು ಮಾವ ಅವಸರ ಮಾಡಿ ಎಂದಿಗಿಂತ ಹೆಚ್ಚು ಕೀಳಿಸಿದರು. ಭಾವ ಮಲಗಿದ ಮೇಲೂ ರಾತ್ರಿಯವರೆಗೆ ಕಟ್ಟಿ, ಬ್ಯಾರನ್ ತುಂಬಿ, ಬಾಗಿಲು ಹಾಕಿ, ಬೆಂಕಿ ಕೊಟ್ಟರು. ಮರುದಿನ ಬೆಳಗ್ಗೆ ನಾನು ಒಲೆಯ ಮುಂದಿದ್ದಾಗ ಹಿಂಬದಿಯಲ್ಲಿ ಗೋಡೆಗೆ ಏನೋ ಬಡಿದ ಸದ್ದಾಯಿತು. ಹೋಗಿ ನೋಡಿದರೆ ಭಾವ ಎರಡು ಬರಿ ಮೊಳೆಗಳ ಕೆಳಗೆ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದರು. ಕಡ್ಡಿ ಇರಲಿಲ್ಲ.

ಹುಡುಕಾಟ ಶುರುವಾಯಿತು. ಅಟ್ಟ, ಕೊಟ್ಟಿಗೆ, ಸೌದೆ ರಾಶಿ, ಎಲ್ಲೂ ಇಲ್ಲ. ಆಗ ಮಾವ ಬಂದರು. ವಿಷಯ ತಿಳಿದವರೇ ತಲೆ ಮೇಲೆ ಕೈಯಿಟ್ಟುಕೊಂಡು ಕೂತರು.

“ನಾನೇ ಕಣವ್ವಾ ತಗಂಡೆ,” ಎಂದರು. “ಕಡ್ಡಿ ಸಾಲ್ಲಿಲ್ಲ. ಕಾಲಿ ನೇತಾಡ್ತಿತ್ತು, ಕೈ ಸುಮ್ಕೆ ಇರ್ನಿಲ್ಲ.”

ಬೈಯುವುದಾದರೂ ಹೇಗೆ? ಹೊಗೆಸೊಪ್ಪು ಬೆಳೆಯುವವರ ಕೈಗೆ ಸುಗ್ಗಿಯಲ್ಲಿ ಖಾಲಿ ಕಡ್ಡಿ ಕಂಡರೆ ಹೀಗೇ ಆಗುವುದು. ಭಾವನ ಬ್ರಷ್ಷು, ಟವೆಲ್ ಎಲ್ಲ ನೆಟ್ಟಗೆ ಕುಕ್ಕೆಯಲ್ಲಿದ್ದವು. ಅವರ ಕಡ್ಡಿ ಮಾತ್ರ ಹಸಿ ಎಲೆ ಹೊತ್ತು ಬ್ಯಾರನ್ನಿನೊಳಗೆ ನೂರಾರು ಕಡ್ಡಿಗಳ ನಡುವೆ ಎಲ್ಲೋ ತೂಗುತ್ತಿತ್ತು. ಬೆಂಕಿ ಕೊಟ್ಟ ಮೇಲೆ ಐದಾರು ದಿನ ಬ್ಯಾರನ್ ತೆಗೆಯುವಂತಿಲ್ಲ. ನಡುವೆ ತೆಗೆದರೆ ಎಲೆಯ ಬಣ್ಣ ಕೆಟ್ಟು ಅಷ್ಟೂ ಸೊಪ್ಪು ತಿಪ್ಪೆಗೆ. ಆದರೂ ಮಾವ ಎದ್ದು ಬಾಗಿಲು ತೆಗೆಯಲು ಹೊರಟರು. ಸೊಪ್ಪು ಹಾಳಾದರೆ ಆಗಲಿ ಎಂದರು. ರಘು ಅಡ್ಡ ನಿಂತ. ಅಪ್ಪ ಮಗನಿಗೆ ಜೋರು ಮಾತಾಯಿತು. ಆ ಜೋರಿಗೆ ಭಾವ ಇನ್ನಷ್ಟು ಚಚ್ಚಿಕೊಂಡರು. ಅತ್ತೆ ಒಳಗೆ ಹೋದರು. ಬಾಗಿಲ ಹಿಂದಿನ ಮೊಳೆಯಿಂದ ಚೀಲ ಇಳಿಸುವುದು ನನಗೆ ಕಂಡಿತು. ಎಲ್ಲ ಮುಗಿಯಿತು, ಇನ್ನು ಚಿಲಕವೇ ಗತಿ ಎನಿಸಿತು.

ಮೇಡಂಗೆ ಫೋನ್ ಮಾಡಿದೆ. ಇನ್ನೊಂದು ಕಡ್ಡಿ ತಂದು ಅದೇ ಎಂದು ಹೇಳಿಬಿಡಲೇ ಎಂದು ಕೇಳಿದೆ. ಬೇಡವೇ ಬೇಡ ಎಂದರು.

“ಸುಳ್ಳು ಹೇಳಬೇಡಿ. ಎಲ್ಲಿದೆ ಅಂತ ತೋರಿಸಿ, ಯಾವಾಗ ಬರುತ್ತೆ ಅಂತ ಹೇಳಿ. ಆಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಿ. ಅದೇ ಕಷ್ಟ, ಆದರೂ ಇರಿ.”

ಮಾವ ಟಾರ್ಚು ತಂದರು. ಬ್ಯಾರನ್ ಬಾಗಿಲಲ್ಲಿ ಒಳಗಿನ ಎಲೆ ನೋಡಲು ಒಂದು ಸಣ್ಣ ಗಾಜಿನ ಕಿಂಡಿ ಇರುತ್ತದೆ. ಮಗನ ಕೈ ಹಿಡಿಯದೆ, ಸುಮ್ಮನೆ ಮುಂದೆ ನಡೆದು ಕಿಂಡಿಗೆ ಬೆಳಕು ಬಿಟ್ಟರು. ಭಾವ ಸ್ವಲ್ಪ ಹೊತ್ತಿನ ಮೇಲೆ ಬಂದು ಗಾಜಿಗೆ ಮುಖ ಒತ್ತಿ ನೋಡಿದರು. ಹಣೆಯ ಮೇಲೆ ತರಚಿದ ಗಾಯವಿತ್ತು.

“ಅಲ್ಲೇ ಅದೆ ಕಣಪ್ಪಾ ನಿನ್ ಕಡ್ಡಿ,” ಎಂದರು ಮಾವ. “ಸೊಪ್ಪು ಬೆಂದ್ಮೇಲೆ ಬತ್ತದೆ. ನಾನು ಕೇಳ್ದೆ ತಗಂಡೆ, ತೆಪ್ಪಾಯ್ತು.”

ಮಾವ ಇನ್ನೊಬ್ಬರಿಗೆ ತಪ್ಪಾಯಿತು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ನಾವೆಲ್ಲ ಬಾಯಿ ಮುಚ್ಚಿ ನಿಂತೆವು. ಆಚೆ ಮಗ್ಗುಲಲ್ಲಿದ್ದ ಪುಟ್ಟಮ್ಮನೂ ಸುಮ್ಮನಾದರು. ಮಳೆ ಹನಿಯುವುದು, ಒಲೆಯಲ್ಲಿ ಸೌದೆ ಸಿಡಿಯುವುದು ಮಾತ್ರ ಕೇಳಿಸುತ್ತಿತ್ತು. ಭಾವ ತುಂಬ ಹೊತ್ತು ಕಿಂಡಿಯ ಹತ್ತಿರ ಅಲುಗಾಡದೆ ನಿಂತಿದ್ದರು. ಅವರ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಒರೆಸಿ ಮತ್ತೆ ನೋಡುತ್ತಿದ್ದರು.

ಆಮೇಲೆ ತಿರುಗಿ ಮನೆಯೊಳಗೆ ಹೋದರು. ನಾನು ಹಿಂದೆ ಹೋದೆ. ಅತ್ತೆ ನಡುಮನೆಯಲ್ಲಿ ಕೂತು ಚೀಲಕ್ಕೆ ಅಂಗಿ, ಪಂಚೆ ತುಂಬುತ್ತಿದ್ದರು. ಕುಕ್ಕೆಯಲ್ಲಿದ್ದ ಸಾಮಾನೂ ಆಗಲೇ ಅದರೊಳಗೆ ಸೇರಿತ್ತು. ಭಾವ ಆ ಚೀಲವನ್ನು ಅವರ ಕೈಯಿಂದ ತೆಗೆದುಕೊಂಡರು. ನಾನು ಕಿರಿಚಾಟಕ್ಕೆ ಸಿದ್ಧಳಾಗಿ ನಿಂತೆ. ಅವರು ಕಿರಿಚಲಿಲ್ಲ. ಕೂತು, ಚೀಲದಿಂದ ಒಂದೊಂದನ್ನೇ ಈಚೆ ತೆಗೆದರು. ಅಂಗಿ ಒಂದು ಕಡೆ, ಪಂಚೆ ಒಂದು ಕಡೆ. ಆಡಿನ ಹಗ್ಗ ಸಿಕ್ಕಿತು, ಗೋಡೆ ಬದಿಗೆ ನೆಲದ ಮೇಲೆ ಇಟ್ಟರು. ಅದರ ಪಕ್ಕಕ್ಕೆ ಬ್ರಷ್ಷು, ಟವೆಲ್, ಲೋಟ, ಬಟ್ಟಲು, ದಿಂಬಿನ ಕವರು. ಕಡ್ಡಿ ಇಲ್ಲದೆ ನೆಲದ ಮೇಲೆ ಅವರ ಇಡೀ ದಿನ ಸಾಲಾಗಿ ಕೂತಿತು. ಆಮೇಲೆ ಖಾಲಿ ಚೀಲವನ್ನು ಮಡಿಸಿ ಅತ್ತೆಯ ಮಡಿಲಿಗೆ ಹಾಕಿ,

“ಬ್ಯಾಡ,” ಎಂದರು.

ಅದು ಯಾರ ಮಾತಿನ ಪ್ರತಿಧ್ವನಿಯೂ ಆಗಿರಲಿಲ್ಲ. ಅಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಭಾವ ಹಗ್ಗ ತೆಗೆದುಕೊಂಡು ಆಡು ಬಿಚ್ಚಲು ಹೋದರು. ಅತ್ತೆ ಚೀಲ ಹಿಡಿದುಕೊಂಡೇ ಅಳಲು ಶುರುಮಾಡಿದರು, ನಾನೂ ಸೇರಿಕೊಂಡೆ. ಇಬ್ಬರಿಗೂ ಏನೋ ಹೊತ್ತಿದ್ದ ಮೂಟೆ ಇಳಿಸಿದಷ್ಟು ಹಗುರ. ಬಾಗಿಲಲ್ಲಿ ನಿಂತಿದ್ದ ಮಾವ, ಬೆಂಕಿ ನೋಡಬೇಕು ಎಂದು ಗೊಣಗುತ್ತಾ ಹೋದವರು ಹೊಗೆಯನ್ನು ಬೈಯುತ್ತಾ ಕಣ್ಣೊರೆಸಿಕೊಂಡರು. ಅಷ್ಟು ದೂರಕ್ಕೆ ಅವತ್ತು ಹೊಗೆಯೇ ಬಂದಿರಲಿಲ್ಲ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಆ ಮಧ್ಯಾಹ್ನ ಭಾವ ಉಣ್ಣಲಿಲ್ಲ, ಸಂಜೆ ಮತ್ತೆ ಎರಡು ಸಲ ಬರಿ ಮೊಳೆಗಳ ಹತ್ತಿರ ಹೋಗಿ ನಿಂತರು. ಆದರೆ ರಾತ್ರಿ ಬಟ್ಟಲು ಹಿಡಿದು ಬಂದರು. ಬ್ಯಾರನ್ ತೆಗೆಯುವವರೆಗೂ ಪ್ರತಿದಿನ ಕಿಂಡಿಯಲ್ಲಿ ಇಣುಕಿ ಬರುತ್ತಿದ್ದರು. ಮಾವ ಟಾರ್ಚನ್ನು ಅಲ್ಲೇ ನೇತುಹಾಕಿದ್ದರು. ಎಲೆ ಬೆಂದು ಹೊನ್ನಿನ ಬಣ್ಣಕ್ಕೆ ತಿರುಗಿ, ಕಡ್ಡಿಗಳನ್ನು ಇಳಿಸಿ ಎಲೆ ಬಿಚ್ಚುವ ದಿನ ಭಾವ ಪಕ್ಕದಲ್ಲೇ ನಿಂತಿದ್ದರು. ಎಲ್ಲ ಕಡ್ಡಿಗಳೂ ಒಂದೇ ಥರ ಕಂದಾಗಿದ್ದವು. ರಾಶಿಯಿಂದ ಒಂದನ್ನು ಎತ್ತಿ, ಮೂಸಿ ನೋಡಿ, ಒಯ್ದು ಮೊಳೆಗಳ ಮೇಲೆ ಇಟ್ಟರು. ಅದು ಮೊದಲಿನದೇ ಹೌದೋ ಅಲ್ಲವೋ ನಮಗಂತೂ ಗೊತ್ತಿಲ್ಲ, ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಮಾವ ಅದರ ಎರಡೂ ತುದಿಗೆ ಕೆಂಪು ಬಟ್ಟೆ ಸುತ್ತಿದರು. ಯಾರ ಕೈಯೂ ಆ ಕಡೆ ಹೋಗದಿರಲಿ ಎಂದರು. ಯಾರ ಕೈ ಎಂದು ನಾವು ಕೇಳಲಿಲ್ಲ.

ಆಮೇಲೆ ಭಾವ ಒಂದು ಬ್ಯಾರನ್ ಕಾಲವನ್ನೂ ಮನೆಯಿಂದ ಹೊರಗೆ ಕಳೆದಿಲ್ಲ. ಸುರಯ್ಯಾ ಮೇಡಂ ಈಗಲೂ ಬರುತ್ತಾರೆ. ಕಡ್ಡಿಗೆ ಹೊಸ ವಸ್ತು ಸೇರಿಸುವ ಮುಂಚೆ ಭಾವನನ್ನು ಕೇಳುತ್ತಾರೆ. ಹೋದ ವರ್ಷ ಸಂತೆಯ ಚೀಲ ಸೇರಿತು. ಸಂತೆಯಲ್ಲಿ ಗಲಾಟೆ ಏಳುವ ಮುಂಚೆ ಭಾವ ಬೆಳಗ್ಗೆ ಬೇಗ ರಘುವಿನ ಜೊತೆ ಹೋಗಿ ತಮಗೆ ಬೇಕಾದ ಬಾಳೆಹಣ್ಣು ತಾವೇ ಆರಿಸಿ ತರುತ್ತಾರೆ.

ನೀಲಿ ಚೀಲ ಆ ಮೊಳೆಯಿಂದ ಖಾಯಮ್ಮಾಗಿ ಇಳಿದಿದ್ದು ಕಡ್ಡಿ ಬ್ಯಾರನ್‌ಗೆ ಹೋದ ಆ ವರ್ಷವೇ. ಪಿತೃಪಕ್ಷಕ್ಕೆ ಕೆ.ಆರ್. ನಗರದಿಂದ ಅತ್ತೆಯ ತಂಗಿ ಬಂದಿದ್ದರು. ಭಾವ ಅವರ ಮುಂದೆಯೇ ಟವೆಲ್ ಬಿಚ್ಚಿಕೊಂಡು ಸ್ನಾನಕ್ಕೆ ಹೋದದ್ದನ್ನು ನೋಡಿ ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಹೊರಡುವ ದಿನ ಅತ್ತೆ ಆ ಚೀಲದ ತುಂಬ ಹುರುಳಿಕಾಳು ತುಂಬಿ ತಂಗಿಯ ಕೈಗೆ ಕೊಟ್ಟರು. ನಮ್ಮ ಕಡೆ ಯಾರ ಮನೆಯ ಚೀಲವೂ ಡಬ್ಬಿಯೂ ಇನ್ನೊಬ್ಬರ ಮನೆಯಲ್ಲಿ ಉಳಿಯುವುದಿಲ್ಲ. ದೀಪಾವಳಿಗೆ ಬರುವಾಗ ಚೀಲ ತಂದುಕೊಡುತ್ತೇನೆ ಎಂದರು ಆಕೆ.

“ಬ್ಯಾಡ ಕಣಮ್ಮಿ,” ಎಂದರು ಅತ್ತೆ. “ಅದು ಅಲ್ಲೇ ಇರ್ಲಿ ಬುಡು.”